ಏರ್ ರೈಫಲ್ ಕೈಕೊಟ್ಟಾಗ: ಹತ್ತು ಜನ ಬಳಸುವ ಬೆಂಚಿನಲ್ಲಿ ದೋಷ ಹುಡುಕುವ ಬಗೆ

ತುಮಕೂರಿನ ನಮ್ಮ ಶೆಡ್ಡಿನಲ್ಲಿ ಉದ್ದಕ್ಕೆ ಒಂದೇ ಬೆಂಚು. ಒಂದು ತುದಿಯಲ್ಲಿ ತೋಟದವರು ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಬಿಚ್ಚಿಕೊಂಡು ಕೂತಿರುತ್ತಾರೆ, ನಡುವೆ ಯಾರಾದರೂ ಗೇಟಿನ ಕಬ್ಬಿಣಕ್ಕೆ ಗ್ರೈಂಡರ್ ಹಿಡಿದಿರುತ್ತಾರೆ, ಗೋಡೆ ಕಡೆಯ ತುದಿ ಏರ್ ರೈಫಲ್‌ಗಳದ್ದು. ಹತ್ತು ಮೀಟರ್ ಅಭ್ಯಾಸಕ್ಕೆ ಗುಬ್ಬಿ, ಕ್ಯಾತ್ಸಂದ್ರ, ಸಿರಾ ಕಡೆಯಿಂದ ಬರುವ ಹುಡುಗ ಹುಡುಗಿಯರ ರೈಫಲ್‌ಗಳಿಗೆ ಒರೆಸುವುದು, ಬಿಗಿ ಮಾಡುವುದು ಎಲ್ಲ ಇಲ್ಲೇ.

ಒಬ್ಬರ ಮನೆಯಲ್ಲೇ ಇರುವ ರೈಫಲ್ ಕೆಟ್ಟರೆ ಅದಕ್ಕೆ ಹಿಂದಿನ ದಿನ ಏನಾಗಿತ್ತು ಎಂದು ಆ ಮನೆಯವರಿಗೆ ಗೊತ್ತಿರುತ್ತದೆ. ಹತ್ತು ಕೈ ಓಡಾಡುವ ಬೆಂಚಿನಲ್ಲಿ ಅದು ಗೊತ್ತಿರುವುದಿಲ್ಲ. ಯಾರೋ ಒಂದು ಸ್ಕ್ರೂ ತಿರುಗಿಸಿರುತ್ತಾರೆ, ಇನ್ಯಾರೋ ಪಕ್ಕದ ಎಣ್ಣೆ ಡಬ್ಬಿಯಿಂದ ಎರಡು ತೊಟ್ಟು ಬಿಟ್ಟಿರುತ್ತಾರೆ, ಮೂರನೆಯವರು ಬೇರೆ ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ತುಂಬಿರುತ್ತಾರೆ. ಬೆಂಚಿಗೆ ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇಂಥದ್ದೇ. ರೈಫಲ್ಲಿನ ಒಳಭಾಗ ಸವೆದು ಬರುವ ದೂರು ಕಡಿಮೆ. ಆದ್ದರಿಂದ ನಮ್ಮಲ್ಲಿ ತಪಾಸಣೆ ಶುರುವಾಗುವುದು ರಿಜಿಸ್ಟರಿನಿಂದ. ಯಾವ ರೈಫಲ್, ಯಾವ ದಿನ, ಏನು ದೂರು, ಏನು ಬದಲಾಯಿಸಿದ್ದು, ಯಾವ ಪೆಲೆಟ್, ಯಾರ ಕೈ: ಇಷ್ಟು ಬರೆಯದೆ ಯಾರೂ ಅಲೆನ್ ಕೀ ಎತ್ತಿಕೊಳ್ಳುವಂತಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಫಲ ನೋಡಿ ಬರೆದ ಮೇಲೆ ಇನ್ನೊಂದು.

ಈ ಬರಹ 4.5 ಮಿಲಿಮೀಟರ್ ಪೆಲೆಟ್ಟಿನ ಏರ್ ರೈಫಲ್‌ಗೆ ಮಾತ್ರ: ನಳಿಕೆ ಮಡಚಿ ಕಾಕ್ ಮಾಡುವ, ಅಂದರೆ ಒಳಗಿನ ಸ್ಪ್ರಿಂಗನ್ನು ಅದುಮಿ ಹೊಡೆತಕ್ಕೆ ಸಿದ್ಧ ಮಾಡುವ ಸ್ಪ್ರಿಂಗ್ ರೈಫಲ್, ಮತ್ತು ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಪಿಸಿಪಿ ರೈಫಲ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ನಳಿಕೆಯ, 20 ಜೂಲ್ ಮೀರದ ಏರ್ ರೈಫಲ್ಲಿಗೆ ಪರವಾನಗಿ ಬೇಡ. ಸ್ಪರ್ಧೆಯ ರೈಫಲ್ಲುಗಳ ಶಕ್ತಿ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಆದರೆ ದಪ್ಪ ಸ್ಪ್ರಿಂಗ್ ಹಾಕಿ, ವಾಲ್ವ್ ತಿದ್ದಿ "ಪವರ್ ಜಾಸ್ತಿ ಮಾಡಿಕೊಡಿ" ಎಂದು ಬರುವವರಿಗೆ ಈ ಬೆಂಚಿನಲ್ಲಿ ಜಾಗವಿಲ್ಲ. ಆ ಗೆರೆ ದಾಟಿದರೆ ಅದು ಪರವಾನಗಿ ಬೇಕಾದ ಆಯುಧ. ಮದ್ದಿನ ಬಂದೂಕಿನ ಮಾತು ಬೇರೆ, ಅದನ್ನು ಕೊನೆಯಲ್ಲಿ ಹೇಳಿದ್ದೇನೆ.

ಮುಟ್ಟುವ ಮೊದಲು

"ಖಾಲಿ ಇದೆ ಅಣ್ಣಾ" ಎಂದು ಯಾರು ಹೇಳಿದರೂ ಒಪ್ಪಬೇಡಿ. ನಳಿಕೆಯ ಬಾಯಿ ಗೋಡೆಯ ಮರಳು ಪೆಟ್ಟಿಗೆಯ ಕಡೆಗಿರಲಿ, ಬೆರಳು ಟ್ರಿಗರಿನ ಹೊರಗಿರಲಿ. ಕಳೆ ಕೊಚ್ಚುವ ಯಂತ್ರಕ್ಕೆ ಹಾಕುವ ಕಿತ್ತಳೆ ಬಣ್ಣದ ನೈಲಾನ್ ದಾರ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ನಳಿಕೆಗಿಂತ ಒಂದು ಗೇಣು ಉದ್ದ ಕತ್ತರಿಸಿಟ್ಟುಕೊಳ್ಳಿ. ಹಿಂದಿನಿಂದ ತೂರಿಸಿದ ದಾರ ಬಾಯಿಂದ ಹೊರಗೆ ಕಂಡರೆ ಮಾತ್ರ ಒಳಗೆ ಪೆಲೆಟ್ ಇಲ್ಲ ಎಂದರ್ಥ. ಕೆಲಸ ಮುಗಿಯುವವರೆಗೂ ದಾರ ಅಲ್ಲೇ ಇರಲಿ. ಬೆಂಚಿನ ಇನ್ನೊಂದು ತುದಿಯವರಿಗೂ ಅದು ಕಾಣುತ್ತದೆ. ಸ್ಪರ್ಧೆಗಳಲ್ಲಿ ಸೇಫ್ಟಿ ಫ್ಲ್ಯಾಗ್ ಎಂದು ಕಡ್ಡಾಯ ಮಾಡಿರುವುದೂ ಇದನ್ನೇ.

ಸ್ಪ್ರಿಂಗ್ ರೈಫಲ್ಲಿನಲ್ಲಿ ದಾರ ತೂರಿಸಲು ನಳಿಕೆಯನ್ನು ಸ್ವಲ್ಪವೇ ಬಗ್ಗಿಸಿದರೆ ಸಾಕು. ಕ್ಲಿಕ್ ಎನ್ನುವ ತನಕ ಎಳೆದರೆ ಅದು ಕಾಕ್ ಆಗಿಬಿಡುತ್ತದೆ. ಬಗ್ಗಿಸುವಾಗ ಸ್ಪ್ರಿಂಗಿನ ಬಿಗಿಯೇ ಸಿಗದೆ ನಳಿಕೆ ಸಡಿಲವಾಗಿ ಆಡಿದರೆ ಯಾರೋ ಆಗಲೇ ಕಾಕ್ ಮಾಡಿಟ್ಟಿದ್ದಾರೆ ಎಂದು ತಿಳಿಯಿರಿ. ಆಗ ನಳಿಕೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿಯದೆ ಪೆಲೆಟ್ ಹಾಕುವ ಹಿಂಬಾಯಿಯ ಹತ್ತಿರ ಬೆರಳು ತರಬೇಡಿ. ಟ್ರಿಗರ್ ಜಾರಿದರೆ ನಳಿಕೆ ಬಡಿದು ಮುಚ್ಚಿಕೊಳ್ಳುವ ರಭಸಕ್ಕೆ ಬೆರಳು ತುಂಡಾಗುತ್ತದೆ. ಆ ರೈಫಲ್ಲನ್ನು ಬೆಂಚಿನ ಮೇಲೆ ಇಳಿಸಲು ಹೋಗದೆ ಅಭ್ಯಾಸದ ಲೇನಿಗೆ ಒಯ್ದು, ಪೆಲೆಟ್ ಹಾಕಿ, ಗುರಿ ಪೆಟ್ಟಿಗೆಗೆ ಹೊಡೆದು ಖಾಲಿ ಮಾಡಿ. ಪೆಲೆಟ್ ಇಲ್ಲದೆ ಹೊಡೆದರೆ ಮುಂದೆ ಗಾಳಿಯ ತಡೆಯಿಲ್ಲದೆ, ಸ್ಪ್ರಿಂಗ್ ತಳ್ಳುವ ಪಿಸ್ಟನ್ ಹೋಗಿ ಲೋಹಕ್ಕೆ ಬಡಿಯುತ್ತದೆ. ಸೀಲೂ ಹೋಗುತ್ತದೆ, ಸ್ಪ್ರಿಂಗೂ ಹೋಗುತ್ತದೆ.

ಪೆಲೆಟ್ ಡಬ್ಬಿ ಲೇನಿನ ಬೀರುವಿನಲ್ಲೇ ಇರಬೇಕು, ಬೆಂಚಿಗೆ ಬರಬಾರದು. ಕೆಲಸ ಮಾಡುವವರಿಗೂ ಪಕ್ಕದಲ್ಲಿ ನಿಂತು ನೋಡುವವರಿಗೂ ಕನ್ನಡಕ ಬೇಕು. ಪೆಲೆಟ್ ಸೀಸದ್ದು, ಹಾಗಾಗಿ ಬೆಂಚಿನ ಹತ್ತಿರ ಕಾಫಿ, ಬಜ್ಜಿ ಬೇಡ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ನೆಲವನ್ನು ಒಣ ಪೊರಕೆಯಿಂದ ಗುಡಿಸಿದರೆ ಸೀಸದ ಧೂಳು ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಮಕ್ಕಳು ಬಂದು ಹೋಗುವ ಜಾಗವಾದ್ದರಿಂದ ಇದರಲ್ಲಿ ಸಡಿಲ ಬಿಡಲು ನಾನು ಒಪ್ಪುವುದಿಲ್ಲ.

"ನಿನ್ನೆ ತಂಕ ಸರಿಗಿತ್ತು, ಇವತ್ತು ಎಲ್ಲೆಲ್ಲೋ ಹೋಗ್ತೈತೆ"

ಅತಿ ಹೆಚ್ಚು ಬರುವ ದೂರು ಇದೇ. ಹತ್ತು ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಕೂದಲೆಳೆಯಷ್ಟು ಸಡಿಲವಿದ್ದರೂ ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ.

ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ, ಮತ್ತು ಅದು ಹತ್ತು ಜನ ಸೇರುವ ಜಾಗದಲ್ಲಿ ಮಾತ್ರ ಸಾಧ್ಯ. ಅದೇ ರೈಫಲ್ಲನ್ನು ಪಳಗಿದ ಇನ್ನೊಬ್ಬರಿಗೆ ಕೊಟ್ಟು ಐದು ಪೆಲೆಟ್ ಹೊಡೆಸಿ. ದೂರು ತಂದವರಿಗೆ ಚೆನ್ನಾಗಿರುವ ಬೇರೆ ರೈಫಲ್ ಕೊಟ್ಟು ಐದು ಹೊಡೆಸಿ. ಚದುರುವಿಕೆ ರೈಫಲ್ಲಿನ ಜೊತೆ ಹೋಯಿತೋ ಮನುಷ್ಯರ ಜೊತೆ ಹೋಯಿತೋ ಕಣ್ಣಿಗೇ ಕಾಣುತ್ತದೆ. ಮನುಷ್ಯರ ಜೊತೆ ಹೋದರೆ ರೈಫಲ್ಲನ್ನು ಬಿಚ್ಚುವ ಅಗತ್ಯವೇ ಇಲ್ಲ. ಸ್ಪ್ರಿಂಗ್ ರೈಫಲ್ ಹೊಡೆಯುವಾಗ ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುತ್ತದೆ, ಪೆಲೆಟ್ ಇನ್ನೂ ನಳಿಕೆಯೊಳಗೆ ಇರುವಾಗಲೇ. ಅದನ್ನು ಬಿಗಿಯಾಗಿ ಅಮುಕಿ ಹಿಡಿದವರಿಗೆ ಒಂದು ಕಡೆ, ಅಂಗೈ ಮೇಲೆ ಸುಮ್ಮನೆ ಇಟ್ಟುಕೊಂಡವರಿಗೆ ಇನ್ನೊಂದು ಕಡೆ ಬೀಳುತ್ತದೆ. ಪ್ರತಿ ಸಲವೂ ಹಿಡಿತ ಒಂದೇ ಥರ ಇರಬೇಕು, ಸಡಿಲವಾಗಿದ್ದಷ್ಟೂ ಒಳ್ಳೆಯದು. ಇಟ್ಟಿಗೆ, ಮರದ ತುಂಡಿನಂಥ ಗಟ್ಟಿ ಆಧಾರದ ಮೇಲೆ ಇಟ್ಟು ಪರೀಕ್ಷಿಸಿದರೆ ತಪ್ಪು ಉತ್ತರ ಸಿಗುತ್ತದೆ.

ರೈಫಲ್ಲಿನ ಜೊತೆಗೇ ಹೋಯಿತೇ? ಈಗ ಪೆಲೆಟ್ ನೋಡಿ. ಒಂದೇ ಹೆಸರಿನ ಪೆಲೆಟ್ಟಿನಲ್ಲೂ ತಲೆಯ ಅಳತೆ 4.49, 4.50, 4.51 ಎಂದು ಬೇರೆ ಬೇರೆ ಬರುತ್ತದೆ, ಡಬ್ಬಿಯ ತಳದಲ್ಲಿ ಬರೆದಿರುತ್ತದೆ. ಹೊಸ ಡಬ್ಬಿ ಒಡೆದ ದಿನವೇ ದೂರು ಶುರುವಾಗಿದ್ದರೆ ಹಳೆಯ ಅಳತೆಗೆ ಮರಳಿ ನೋಡಿ. ಪೆಲೆಟ್ಟನ್ನು ಬೆರಳಲ್ಲಿ ಉರುಳಿಸಿ ಹಿಂದಿನ ಲಂಗ (ಪೊಳ್ಳು ಅಂಚು) ಗುಂಡಗಿದೆಯೇ ನೋಡಿ. ಒಂದು ಸಲ ಕೆಳಗೆ ಬಿದ್ದ ಡಬ್ಬಿಯಲ್ಲಿ ಸೊಟ್ಟಾದವು ಬೇಕಾದಷ್ಟಿರುತ್ತವೆ. ನೆಲದಿಂದ ಹೆಕ್ಕಿದ ಪೆಲೆಟ್ ಮತ್ತೆ ನಳಿಕೆಗೆ ಹೋಗಬಾರದು. ಗ್ರೈಂಡರಿನ ಕಬ್ಬಿಣದ ಪುಡಿ ಸೀಸದಲ್ಲಿ ಚುಚ್ಚಿಕೊಂಡಿದ್ದರೆ ನಳಿಕೆಯ ಒಳಗೆರೆಗಳನ್ನು ಅದು ಕೆರೆಯುತ್ತದೆ.

ಮೂರನೆಯದು ಸ್ಕ್ರೂಗಳು. ಸ್ಪ್ರಿಂಗ್ ರೈಫಲ್ಲಿನ ಮುಂಗಡೆ ಎರಡು ಬದಿಯ ಸ್ಕ್ರೂ, ಟ್ರಿಗರ್ ಗಾರ್ಡಿನ ಸ್ಕ್ರೂ: ಒದೆತಕ್ಕೆ ಇವು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಚದುರುವ ಸ್ಪ್ರಿಂಗ್ ರೈಫಲ್ಲಿಗೆ ನಾನು ಹೆಚ್ಚು ಅನುಮಾನಿಸುವುದು ಇವನ್ನೇ. ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಹಿಡಿದು, ಎರಡು ಬೆರಳಿನ ಬಲದಲ್ಲಿ ತಿರುಗಿಸಿ, ನಿಂತ ಮೇಲೆ ಒಂದು ಚೂರು. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಮರ ಸೀಳುತ್ತದೆ. ಪದೇ ಪದೇ ಸಡಿಲವಾಗುವ ಸ್ಕ್ರೂಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ ಒಂದು ತೊಟ್ಟು ಸಾಕು. ಕೆಂಪು ಬಣ್ಣದ್ದು ಬೇಡ, ಮುಂದೆ ಬಿಚ್ಚಲು ಬರುವುದಿಲ್ಲ.

ಇಲ್ಲಿಗೂ ಸರಿಯಾಗದಿದ್ದರೆ ಗುರಿ ಕಾಗದವನ್ನು ಓದಬೇಕು. ತೂತುಗಳು ಎರಡು ಪ್ರತ್ಯೇಕ ಗುಂಪಾಗಿ ಬಿದ್ದಿದ್ದರೆ ಏನೋ ಒಂದು ಎರಡು ಜಾಗದ ನಡುವೆ ಆಡುತ್ತಿದೆ ಎಂದರ್ಥ: ಸ್ಕೋಪಿನ ಮೌಂಟು, ಹಿಂದಿನ ಸೈಟು, ಇಲ್ಲವೇ ಮುಚ್ಚಿದ ಮೇಲೂ ಅಲುಗುವ ನಳಿಕೆ. ನಳಿಕೆಯನ್ನು ಮುಚ್ಚಿ ಪಕ್ಕಕ್ಕೆ ಮೆಲ್ಲಗೆ ಅಲುಗಿಸಿ ನೋಡಿ. ಆಟ ಸಿಕ್ಕರೆ ತಿರುಗಣಿಯ ಬೋಲ್ಟ್ ಸಡಿಲವಾಗಿದೆ. ಗುಂಪು ಚಿಕ್ಕದಾಗಿಯೇ ಇದ್ದು ಹೊಡೆಯುತ್ತಾ ಹೋದಂತೆ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಮೌಂಟು ಜಾರುತ್ತಿದೆ. ಮೌಂಟಿನ ಹಿಂದೆ ಪೆನ್ಸಿಲ್ ಗೆರೆ ಹಾಕಿ ಹತ್ತು ಪೆಲೆಟ್ ಹೊಡೆದರೆ ಗೊತ್ತಾಗುತ್ತದೆ. ಮೇಲೆ ಕೆಳಗೆ ಉದ್ದುದ್ದ ಬಿದ್ದರೆ ಪೆಲೆಟ್ಟಿನ ವೇಗ ಏರುಪೇರಾಗುತ್ತಿದೆ. ಪಿಸಿಪಿಯಲ್ಲಿ ಇದು ಒತ್ತಡದ ದೋಷ, ಮುಂದೆ ಬರುತ್ತದೆ. ಎಲ್ಲ ದಿಕ್ಕಿಗೂ ಒಂದೇ ಸಮ ಚದುರಿದರೆ ಉಳಿದದ್ದು ನಳಿಕೆ.

ನಳಿಕೆ ಒರೆಸುವುದಕ್ಕೆ ನಮ್ಮಲ್ಲಿ ಅವಸರ ಜಾಸ್ತಿ. ಏರ್ ರೈಫಲ್ಲಿನಲ್ಲಿ ಮದ್ದಿನ ಮಸಿ ಇಲ್ಲ, ಸ್ವಲ್ಪ ಸೀಸ ಮಾತ್ರ ಕೂರುತ್ತದೆ. ಗುರಿ ಕೆಡದಿದ್ದರೆ ಒರೆಸುವ ಗೊಡವೆಗೇ ಹೋಗಬೇಡಿ. ಒರೆಸಲೇಬೇಕಾದರೆ ನೈಲಾನ್ ದಾರಕ್ಕೆ ಹತ್ತಿ ಬಟ್ಟೆಯ ತುಣುಕು ಕಟ್ಟಿ ಹಿಂಬಾಯಿಂದ ಮುಂಬಾಯಿಗೆ ಎಳೆಯಿರಿ, ಬಟ್ಟೆ ಬಿಳಿಯಾಗಿ ಬರುವ ತನಕ. ಉಕ್ಕಿನ ಬ್ರಷ್ ಬೇಡವೇ ಬೇಡ. ಉಣ್ಣೆಯ ಫೆಲ್ಟ್ ಪೆಲೆಟ್ ಹೊಡೆದು ಶುಚಿ ಮಾಡುವ ಕ್ರಮ ಪಿಸಿಪಿಗೆ ಸರಿ. ಸ್ಪ್ರಿಂಗ್ ರೈಫಲ್ಲಿಗೆ ಅದು ಖಾಲಿ ಹೊಡೆದ ಹಾಗೆಯೇ, ತಡೆ ಸಾಲದು.

ಮುಂಬಾಯಿಯ ಅಂಚಿಗೆ ಏಟು ಬಿದ್ದು ಚಕ್ಕೆ ಎದ್ದಿದ್ದರೆ, ನಳಿಕೆ ಬಗ್ಗಿದ್ದರೆ ಅಲ್ಲಿಗೆ ಕೈ ತೆಗೆಯಿರಿ. ಅರ ಹಾಕಿ ತೀಡುವುದು, ವೈಸಿನಲ್ಲಿ ಕಚ್ಚಿಸಿ ನೆಟ್ಟಗೆ ಮಾಡುವುದು ರೈಫಲ್ಲನ್ನು ಪೂರ್ತಿ ಕೆಡಿಸುವ ದಾರಿ. ಪಂಪಿನ ಪೈಪು ಹಿಡಿಯುವ ವೈಸು ಪಂಪಿನ ಪೈಪಿಗಿರಲಿ. ರೈಫಲ್ಲಿಗೆ ಮರದ ಕವಲಿನ ಮೇಲೆ ಬನಾತು ಹೊದಿಸಿದ ಎರಡು ಆಧಾರ ಸಾಕು.

"ಹೊಡೆತದಲ್ಲಿ ಜೀವವೇ ಇಲ್ಲ"

ಸದ್ದು ಮೆತ್ತಗಾಗಿದೆ, ಪೆಲೆಟ್ ಕೆಳಗೆ ಬೀಳುತ್ತಿದೆ, ಸ್ಪ್ರಿಂಗ್ ರೈಫಲ್. ಪೆಲೆಟ್ ಹಾಕಿದ ಕೂಡಲೇ ಒಳಗೆ ಜಾರಿ ಬೀಳುತ್ತಿದೆಯೇ ನೋಡಿ. ಹೆಬ್ಬೆರಳಿನಲ್ಲಿ ಸ್ವಲ್ಪ ಒತ್ತಿ ಕೂರಿಸಬೇಕಾದಷ್ಟು ಬಿಗಿ ಇರಬೇಕು. ಇಲ್ಲದಿದ್ದರೆ ಪೆಲೆಟ್ ಬದಲಿಸಿ.

ಮುಂದಿನದು ಹಿಂಬಾಯಿಯ ಸೀಲು, ಅಂದರೆ ನಳಿಕೆ ಬಂದು ಕೂರುವ ಜಾಗದ ರಬ್ಬರ್ ಬಳೆ. ಟಿಶ್ಯೂ ಕಾಗದದ ಒಂದು ಸಣ್ಣ ಪಟ್ಟಿಯನ್ನು ಆ ಕೂಡುಜಾಗದ ಮೇಲೆ ಸಡಿಲವಾಗಿ ಇಟ್ಟು, ಪೆಲೆಟ್ ಹಾಕಿ, ಲೇನಿನಲ್ಲಿ ಹೊಡೆಯಿರಿ. ಕಾಗದ ಹಾರಿಹೋದರೆ ಗಾಳಿ ಅಲ್ಲೇ ಸೋರುತ್ತಿದೆ. ಸೀಲು ಬದಲಿಸುವುದು ಬೆಂಚಿನಲ್ಲೇ ಮಾಡಬಹುದಾದ ಅಗ್ಗದ ಕೆಲಸ. ಹಳೆಯದನ್ನು ಬಿದಿರಿನ ಕಡ್ಡಿಯಿಂದ ಎಬ್ಬಿಸಿ, ಗುಂಡುಸೂಜಿಯಿಂದ ಕೆರೆಯಬೇಡಿ. ಹೊಸದು ಅಂಚಿಗಿಂತ ಒಂದು ಎಳೆ ಎತ್ತರ ಕೂರಬೇಕು.

ಕಾಗದ ಅಲುಗಲಿಲ್ಲವೆಂದರೆ ದೋಷ ಒಳಗಿನ ಪಿಸ್ಟನ್ನಿನಲ್ಲಿದೆ. ಇಲ್ಲಿ ಹಳೆಯ ರೈಫಲ್ಲಿಗೂ ಹೊಸದಕ್ಕೂ ದಾರಿ ಬೇರೆ. ಹಳೆಯ ಏರ್ ಗನ್ನುಗಳಲ್ಲಿ ಪಿಸ್ಟನ್ನಿಗೆ ಚರ್ಮದ ವಾಷರ್ ಇರುತ್ತದೆ. ಏಪ್ರಿಲ್ ತಿಂಗಳ ಬಿಸಿಲಿಗೆ ಶೀಟಿನ ಮನೆಯಲ್ಲಿ ಅದು ಒಣಗಿ ಸೆಟೆಯುತ್ತದೆ, ಗಾಳಿ ಹಿಡಿಯುವುದಿಲ್ಲ. ನಳಿಕೆಯನ್ನು ಕ್ಲಿಕ್ ಆಗದಷ್ಟು ಬಗ್ಗಿಸಿ, ಒಳಗಡೆ ಕಾಣುವ ಗಾಳಿ ತೂತಿಗೆ ಎರಡು ತೊಟ್ಟು ಸಿಲಿಕೋನ್ ಎಣ್ಣೆ ಬಿಟ್ಟು, ಹಿಡಿ ಕೆಳಗೆ ಮಾಡಿ ಒಂದು ರಾತ್ರಿ ನಿಲ್ಲಿಸಿ. ಚರ್ಮ ಮೆತ್ತಗಾದರೆ ಜೀವ ಬರುತ್ತದೆ. ಹೊಸ ರೈಫಲ್ಲಿನ ಸೀಲು ಪ್ಲಾಸ್ಟಿಕ್ಕಿನದು, ಅದಕ್ಕೆ ಈ ಚಿಕಿತ್ಸೆ ಮಾಡಬೇಡಿ. ಅದಕ್ಕೆ ಎಣ್ಣೆಯ ಹಸಿವಿಲ್ಲ. ರೈಫಲ್ಲಿಗೆ ಯಾವ ಸೀಲಿದೆ ಎಂದು ರಿಜಿಸ್ಟರಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದರೆ ಈ ಗೊಂದಲ ಬರುವುದಿಲ್ಲ.

ಕಾಕ್ ಮಾಡುವಾಗ ಒಳಗೆ ಕರಕರ ಎನ್ನುತ್ತಿದೆಯೇ? ಮೊದಲ ಅರ್ಧ ಎಳೆತ ಪೊಳ್ಳು, ಆಮೇಲೆ ಬಿಗಿಯೇ? ಹೊಡೆದಾಗ ಲೋಹಕ್ಕೆ ಲೋಹ ಬಡಿದ ಸದ್ದೇ? ಸ್ಪ್ರಿಂಗ್ ಮುರಿದಿದೆ. ಮುರಿದ ಸ್ಪ್ರಿಂಗಿನಲ್ಲೂ ರೈಫಲ್ ಹೊಡೆಯುತ್ತಲೇ ಇರುತ್ತದೆ, ಅದಕ್ಕೇ ಬಹಳ ಜನ ಗಮನಿಸುವುದಿಲ್ಲ. ಇಲ್ಲಿಗೆ ನಿಲ್ಲಿಸಿ. ಹಿಂದಿನ ಮುಚ್ಚಳ ಬಿಚ್ಚಬೇಡಿ. ಕಾಕ್ ಆಗದ ಸ್ಥಿತಿಯಲ್ಲೂ ಸ್ಪ್ರಿಂಗ್ ಅದುಮಿಕೊಂಡೇ ಕೂತಿರುತ್ತದೆ. ಕೊನೆಯ ಎಳೆ ಬಿಚ್ಚಿದ ಕ್ಷಣ ಮುಚ್ಚಳವೂ ಸ್ಪ್ರಿಂಗೂ ಮುಖಕ್ಕೆ ಬರುತ್ತವೆ. ಅದನ್ನು ಹಿಡಿದಿಟ್ಟು ಬಿಚ್ಚುವ ಕಂಪ್ರೆಸರ್ ಉಪಕರಣವೂ ಅದನ್ನು ಬಳಸಿ ಗೊತ್ತಿರುವ ಕೈಯೂ ಎರಡೂ ಇರುವ ಕಡೆಗೆ ಕಳಿಸಿ.

"ಹೊಡೆದರೆ ಹೊಗೆ, ಪಟಾಕಿ ಸದ್ದು"

ಹೊಸ ರೈಫಲ್ಲಿನ ಮೊದಲ ಕೆಲವು ಹೊಡೆತಗಳಲ್ಲಿ ತೆಳು ಹೊಗೆ ಬಂದರೆ ಗಾಬರಿ ಬೇಡ, ಕಾರ್ಖಾನೆಯ ಗ್ರೀಸ್ ಸುಡುತ್ತಿದೆ. ಹಳೆಯ ರೈಫಲ್ಲಿನಲ್ಲಿ ಸುಟ್ಟ ವಾಸನೆಯ ಜೊತೆ ಚಟೀರ್ ಎಂದರೆ ಯಾರೋ ಎಣ್ಣೆ ಬಿಟ್ಟಿದ್ದಾರೆ. ಪಿಸ್ಟನ್ ಗಾಳಿಯನ್ನು ಒಮ್ಮೆಲೇ ಅದುಮಿದಾಗ ಅದು ವಿಪರೀತ ಬಿಸಿಯಾಗುತ್ತದೆ, ಡೀಸೆಲ್ ಎಂಜಿನ್ನಿನಲ್ಲಿ ಹೊತ್ತಿಕೊಳ್ಳುವ ಕ್ರಮದಲ್ಲೇ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಳ್ಳುತ್ತದೆ. ತುಕ್ಕು ಬಿಡಿಸುವ ಸ್ಪ್ರೇ, ಹೊಲಿಗೆ ಯಂತ್ರದ ಎಣ್ಣೆ, ಪಂಪಿಗೆ ಹಾಕುವ ಎಣ್ಣೆ ಯಾವುದಾದರೂ ಸರಿ. ಸೀಲು ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ, ಸ್ಕೋಪಿನ ಗಾಜು ಸಡಿಲವಾಗುತ್ತದೆ.

ನಳಿಕೆಗೆ ಒಣ ಬಟ್ಟೆ ಎಳೆಯಿರಿ, ಒಂದು ದಿನ ಬಾಯಿ ಕೆಳಗೆ ಮಾಡಿ ಚಿಂದಿಯ ಮೇಲೆ ನಿಲ್ಲಿಸಿ, ಆಮೇಲೆ ಬಿಗಿಯಾಗಿ ಕೂರುವ ಪೆಲೆಟ್ಟಿನಲ್ಲಿ ಕೆಲವು ಹೊಡೆತ ನೋಡಿ. ಸದ್ದು ಇಳಿಯುತ್ತಾ ಬಂದರೆ ಸರಿ. ಇಳಿಯದಿದ್ದರೆ ಹೊಡೆಯುವುದನ್ನು ನಿಲ್ಲಿಸಿ, ಒಳಗೆ ಬಿಚ್ಚಿ ತೊಳೆಯಬೇಕಾಗಿದೆ, ಅದು ರಿಪೇರಿಯವರ ಕೆಲಸ. ನಮ್ಮ ಬೆಂಚಿನಲ್ಲಿ ರೈಫಲ್ಲಿನ ಎಣ್ಣೆ ಡಬ್ಬಿಗೆ ಹಳದಿ ಟೇಪು ಸುತ್ತಿ ಬೇರೆ ಗೂಡಿನಲ್ಲಿ ಬೀಗ ಹಾಕಿಟ್ಟ ಮೇಲೆ ಈ ದೂರು ಬಹುಮಟ್ಟಿಗೆ ನಿಂತಿದೆ.

"ಬೆಳಿಗ್ಗೆ ಟ್ರಿಗರ್ ಗಟ್ಟಿ, ಮಧ್ಯಾಹ್ನ ಸರಿ"

ಡಿಸೆಂಬರ್, ಜನವರಿಯಲ್ಲಿ ಮಾತ್ರ ಕೇಳುವ ದೂರು. ಕೊಬ್ಬರಿ ಸೀಮೆಯಲ್ಲಿ ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಯಾರೋ ಕೊಬ್ಬರಿ ಎಣ್ಣೆ ಹಚ್ಚಿದ್ದಾರೆ. ಸುಮಾರು 24 ಡಿಗ್ರಿಗಿಂತ ತಂಪಾದರೆ ಅದು ಹೆಪ್ಪುಗಟ್ಟುತ್ತದೆ, ಬಿಸಿಲೇರಿದರೆ ಕರಗುತ್ತದೆ. ಆಮೇಲೆ ಧೂಳು ಸೇರಿ ಅಂಟಾಗುತ್ತದೆ. ಟ್ರಿಗರಿನ ಹೊರಗೆ ಕಾಣುವಷ್ಟನ್ನು ಒಣ ಬಟ್ಟೆಯಿಂದ ಒರೆಸಿ. ಒಳಗೆ ಹೋಗಿದ್ದರೆ ಟ್ರಿಗರ್ ಪೆಟ್ಟಿಗೆಯನ್ನು ಬಿಚ್ಚಿ ತೊಳೆಯುವುದು ತಯಾರಕರ ಕೈಪಿಡಿ ಮುಂದಿಟ್ಟುಕೊಂಡವರ ಕೆಲಸ, ಊಹೆಯ ಮೇಲೆ ಬೇಡ. ಹೊರಗಿನ ಉಕ್ಕಿಗೆ ಮಳೆಗಾಲದಲ್ಲಿ ತುಕ್ಕು ಹತ್ತದಿರಲು ಬಂದೂಕಿನ ಎಣ್ಣೆ ಸವರಿದ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು. ಸ್ಪಂಜಿನ ಪೆಟ್ಟಿಗೆಯೊಳಗೆ ತೇವ ನಿಲ್ಲುತ್ತದೆ. ರೈಫಲ್ಲನ್ನು ಅದರಲ್ಲಿ ತನ್ನಿ, ಆದರೆ ಅದರಲ್ಲೇ ವಾರಗಟ್ಟಲೆ ಇಡಬೇಡಿ.

"ರಾತ್ರಿ 200 ಇತ್ತು, ಬೆಳಿಗ್ಗೆ ಗೇಜ್ ಇಳಿದೈತೆ"

ಇದು ಪಿಸಿಪಿಯವರ ದೂರು. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ ಒತ್ತಡ. ಈ ಪುಟ್ಟ ಸಿಲಿಂಡರಿನಲ್ಲಿ 200 ಬಾರ್. ಇದರ ಜೊತೆ ನಡೆದುಕೊಳ್ಳುವಾಗ ಆ ಅಂತರ ನೆನಪಿರಲಿ.

ಇಳಿದದ್ದೆಲ್ಲ ಸೋರಿಕೆಯಲ್ಲ. ಬೇಗ ಬೇಗ ತುಂಬಿದಾಗ ಗಾಳಿ ಬಿಸಿಯಾಗುತ್ತದೆ, ಆರಿದ ಮೇಲೆ ಮುಳ್ಳು ಹಿಂದಕ್ಕೆ ಬರುತ್ತದೆ. ತುಂಬಿ ಒಂದು ಗಂಟೆ ಬಿಟ್ಟು ಗೇಜ್ ಓದಿ ಬರೆದುಕೊಳ್ಳಿ, ಮರುದಿನ ಅದೇ ಹೊತ್ತಿಗೆ ಮತ್ತೆ ಓದಿ. ಆ ಎರಡರ ನಡುವೆ ಇಳಿದಿದ್ದರೆ ಸೋರಿಕೆ.

ಸೋರುವುದೆಲ್ಲಿ? ದಾರ ತೂರಿಸಿ ಖಾಲಿಯೆಂದು ಖಚಿತ ಮಾಡಿಕೊಂಡು, ಕಾಕ್ ಆಗಿಲ್ಲವೆಂದು ನೋಡಿ, ಸಿಲಿಂಡರ್ ಸೇರುವ ಜಾಗಕ್ಕೂ ಗೇಜಿನ ಸುತ್ತಲೂ ಸೋಪಿನ ನೀರನ್ನು ಬ್ರಷ್ಷಿನಲ್ಲಿ ಹಚ್ಚಿ. ಗುಳ್ಳೆ ಎದ್ದ ಕಡೆ ಸೋರಿಕೆ. ನೋಡಿದ ಮೇಲೆ ಒಣಗಿಸಿ ಒರೆಸಿ. ಎಲ್ಲೂ ಗುಳ್ಳೆ ಇಲ್ಲದಿದ್ದರೆ ದಾರ ತೆಗೆದು ನಳಿಕೆಯ ಬಾಯಿಗೆ ಪುಟ್ಟ ಬಲೂನು ಸಿಕ್ಕಿಸಿ ಬಿಡಿ. ಅದು ಮೆಲ್ಲಗೆ ಉಬ್ಬಿದರೆ ಒಳಗಿನ ವಾಲ್ವ್ ಹಿಡಿಯುತ್ತಿಲ್ಲ.

ಬಿಚ್ಚಿ ತೆಗೆಯಬಹುದಾದ, ತನ್ನದೇ ವಾಲ್ವ್ ಇರುವ ಸಿಲಿಂಡರಾಗಿದ್ದು ಸೇರುವ ಜಾಗದಲ್ಲಿ ಸೋರುತ್ತಿದ್ದರೆ, ಸಿಲಿಂಡರ್ ಕಳಚಿ ಹೊರಗಿನ ಓ-ರಿಂಗ್ ಬದಲಿಸಬಹುದು. ಬೆಂಚಿನ ಕೆಲಸ ಅಲ್ಲಿಗೆ ಮುಗಿಯಿತು. ಗೇಜ್, ವಾಲ್ವ್, ರೆಗ್ಯುಲೇಟರ್ (ಹೊಡೆತಕ್ಕೆ ಹೋಗುವ ಒತ್ತಡವನ್ನು ಸಮವಾಗಿಡುವ ಭಾಗ) ಇವುಗಳಿಗೆ ಗಾಳಿ ಇರುವಾಗ ಸ್ಪ್ಯಾನರ್ ಹಾಕುವುದೆಂದರೆ ಜೀವದ ಜೊತೆ ಆಡುವುದು. "ಸ್ವಲ್ಪ ಬಿಗಿ ಮಾಡಿ ನೋಡೋಣ" ಎನ್ನುವುದೂ ಅಷ್ಟೇ. ಪೂರ್ತಿ ಗಾಳಿ ಇಳಿಸುವ ಕ್ರಮ ಆಯಾ ರೈಫಲ್ಲಿನ ಕೈಪಿಡಿಯಲ್ಲಿರುತ್ತದೆ. ಇಳಿಸಿದ ಮೇಲೂ ಉಳಿದ ಕೆಲಸ ತಯಾರಕರ ಸರ್ವೀಸಿನವರದ್ದು. ಗುರಿ ಮೇಲೆ ಕೆಳಗೆ ಉದ್ದಕ್ಕೆ ಚದುರುತ್ತಿದ್ದು ಸೋರಿಕೆ ಮಾತ್ರ ಇಲ್ಲವೆಂದರೆ ಗೇಜ್ ನೋಡಿ: ಒತ್ತಡ ತೀರ ಇಳಿದಿದ್ದರೆ ತುಂಬಿ. ತುಂಬಿದ ಮೇಲೂ ಹಾಗೇ ಇದ್ದರೆ ರೆಗ್ಯುಲೇಟರ್, ಅದೂ ಸರ್ವೀಸಿಗೆ.

ಈಗ ಹೇಳುವುದನ್ನು ನಮ್ಮಂಥ ಶೆಡ್ಡಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ನಿಂತಿರುತ್ತದೆ, ಅದರಿಂದ ರೈಫಲ್ ತುಂಬಿಸಿದರೆ ಸಲೀಸು ಎಂದು ಯಾರಿಗಾದರೂ ಅನ್ನಿಸಬಹುದು. ಒತ್ತಡದ ಆಕ್ಸಿಜನ್ ಎಣ್ಣೆ, ಗ್ರೀಸಿಗೆ ತಾಗಿದರೆ ಕಿಡಿಯೇ ಇಲ್ಲದೆ ಹೊತ್ತಿ ಸಿಡಿಯುತ್ತದೆ. ಈ ಸಿಲಿಂಡರಿಗೆ ಒಣ ಗಾಳಿ ಮಾತ್ರ, ಬೇರೆ ಯಾವ ಅನಿಲವೂ ಅಲ್ಲ. ಕೈಪಂಪಿನಲ್ಲಿ ತುಂಬುವವರು ಮಳೆಗಾಲದಲ್ಲಿ ನಡುನಡುವೆ ನಿಲ್ಲಿಸಿ ಪಂಪು ಆರಲು ಬಿಡಿ, ತೇವ ಹೊರಬಿಡುವ ತಿರುಪು ತೆರೆಯಿರಿ. ಒಳಗೆ ಹೋದ ನೀರು ಸಿಲಿಂಡರನ್ನು ಒಳಗಿನಿಂದ ತಿನ್ನುತ್ತದೆ. ಸಿಲಿಂಡರಿನ ಮೇಲೆ ತಯಾರಾದ ದಿನಾಂಕ ಒತ್ತಿರುತ್ತದೆ. ಸ್ಪರ್ಧೆಯ ರೈಫಲ್ಲಿನ ಸಿಲಿಂಡರಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಆಯಸ್ಸು 10 ವರ್ಷ. ಅವಧಿ ಮೀರಿದ್ದನ್ನು, ನೆಲಕ್ಕೆ ಬಿದ್ದು ತಗ್ಗಾದದ್ದನ್ನು, ಬೆಂಕಿ ತಾಗಿದ್ದನ್ನು ತುಂಬಬೇಡಿ, ಇನ್ನೊಬ್ಬರಿಗೆ ಮಾರಲೂ ಬೇಡಿ.

"ಮುಟ್ಟಿದರೆ ಹಾರ್ತೈತೆ"

ನಳಿಕೆ ಮುಚ್ಚಿದ ಕೂಡಲೇ ಹಾರಿತು, ಸೇಫ್ಟಿ ತೆಗೆದಾಗ ಹಾರಿತು, ಕೆಳಗಿಡುವಾಗ ಹಾರಿತು: ಮೂರರಲ್ಲಿ ಯಾವುದಾದರೂ ಒಂದು ಸಲ ಆದರೂ ಸಾಕು. ಮತ್ತೊಮ್ಮೆ ಆಗುತ್ತದೋ ಎಂದು ಪರೀಕ್ಷಿಸಬಾರದು. ಕೆಂಪು ಚೀಟಿ ಕಟ್ಟಿ, ಬೀರುವಿಗೆ ಬೀಗ.

ಕಾರಣ ಬಹುಪಾಲು ಯಾರೋ ತಿರುಗಿಸಿದ ಟ್ರಿಗರ್ ಸ್ಕ್ರೂ. ಹತ್ತು ಮೀಟರ್ ಏರ್ ಪಿಸ್ತೂಲಿನ ಟ್ರಿಗರಿಗೆ ಕನಿಷ್ಠ 500 ಗ್ರಾಂ ಎಳೆತವಿರಬೇಕೆಂಬ ನಿಯಮವಿದೆ, ರೈಫಲ್ಲಿಗೆ ಅಂಥ ಮಿತಿಯಿಲ್ಲ. ಹಾಗಾಗಿ ಕಲಿಯುವ ಮಕ್ಕಳು ದೊಡ್ಡವರನ್ನು ನೋಡಿ ಹಗುರ ಮಾಡುತ್ತಾ ಹೋಗುತ್ತಾರೆ. ಕೈಪಿಡಿಯಲ್ಲಿ ಬರೆದ ಮೂಲ ಅಳತೆಗೆ ಸ್ಕ್ರೂ ಮರಳಿಸುವುದು ಬೆಂಚಿನ ಹೊಣೆ ಹೊತ್ತವರೊಬ್ಬರು ಮಾತ್ರ ಮಾಡಬೇಕು. ಕೈಪಿಡಿ ಇಲ್ಲವೇ, ಮರಳಿಸಿದ ಮೇಲೂ ಸಂಶಯವೇ, ತಯಾರಕರಿಗೆ ಕಳಿಸಿ. ಒಳಗಿನ ಕೊಕ್ಕೆಯನ್ನು ಅರದಿಂದ ತೀಡಿ "ನುಣುಪು" ಮಾಡಿಕೊಡುತ್ತೇನೆ ಎನ್ನುವವರ ಕೈಗೆ ಮಕ್ಕಳ ರೈಫಲ್ ಕೊಡಬೇಡಿ.

"ಪೆಲೆಟ್ ಒಳಗೇ ನಿಂತುಬಿಡ್ತು"

ಇನ್ನೊಂದು ಹೊಡೆದು ಅದನ್ನು ತಳ್ಳಲು ನೋಡಬೇಡಿ, ಎರಡೂ ಸಿಕ್ಕಿಕೊಳ್ಳುತ್ತವೆ. ಸ್ಪ್ರಿಂಗ್ ರೈಫಲ್ ಕಾಕ್ ಆಗಿಲ್ಲವೆಂದು, ಪಿಸಿಪಿಯಾದರೆ ಸಿಲಿಂಡರ್ ಕಳಚಿದೆ, ಉಳಿದ ಗಾಳಿ ಇಳಿದಿದೆ ಎಂದು ಖಚಿತ ಮಾಡಿಕೊಂಡು, ನಳಿಕೆಗೆ ಸರಿಹೊಂದುವ ಹಿತ್ತಾಳೆ ಕಡ್ಡಿಯಿಂದ ಮೆಲ್ಲಗೆ ತಳ್ಳಿ. ಕಡ್ಡಿಯ ನೇರಕ್ಕೆ ಅಂಗೈ, ಮುಖ ಇರಬಾರದು. ಸುತ್ತಿಗೆ ಬೇಕೆನ್ನಿಸಿದರೆ ಅಲ್ಲಿಗೆ ನಿಲ್ಲಿಸಿ.

ಯಾರಿಗಾದರೂ ಪೆಲೆಟ್ ತಗುಲಿದರೆ ಅದನ್ನು ಬ್ಲೇಡಿನಿಂದ ಕೆದಕದೆ ನೇರ ಆಸ್ಪತ್ರೆಗೆ. ಕಣ್ಣಿಗಾದರೆ ಒತ್ತಬೇಡಿ, ತೊಳೆಯಬೇಡಿ, ಮೇಲೆ ತಾಗದಂತೆ ಒಂದು ಕಾಗದದ ಲೋಟ ಮುಚ್ಚಿ 108ಕ್ಕೆ ಕರೆ ಮಾಡಿ. ಒತ್ತಡದ ಗಾಳಿ ಚರ್ಮದೊಳಗೆ ಹೊಕ್ಕರೆ ಹೊರಗೆ ಸೂಜಿಮೊನೆಯಷ್ಟೇ ಗಾಯ ಕಾಣಬಹುದು, ಒಳಗಿನ ಹಾನಿ ದೊಡ್ಡದಿರುತ್ತದೆ. ಅದಕ್ಕೂ ಆಸ್ಪತ್ರೆಯೇ.

"ಕುದುರೆ ಬಿತ್ತು, ಮದ್ದು ಹೊತ್ತಲಿಲ್ಲ"

ಬೆಳೆ ಕಾಯಲು ಪರವಾನಗಿ ಪಡೆದ ಬಂದೂಕು ಸುತ್ತಮುತ್ತಲ ಹಳ್ಳಿಗಳಲ್ಲಿವೆ. ಶೆಡ್ಡಿನಲ್ಲಿ "ಬಂದೂಕು ಕ್ಲೀನ್ ಮಾಡ್ತಾರಂತೆ" ಎಂದು ಕೇಳಿ ಕೆಲವರು ಚೀಲದಲ್ಲಿ ಸುತ್ತಿ ತರುತ್ತಾರೆ. ಅಂಥವರನ್ನು ಗದರಿಸಿ ಕಳಿಸಬಾರದು, ಕೂರಿಸಿ ಹೇಳಬೇಕು: "ಯಜಮಾನ್ರೇ, ಇದನ್ನ ನಾವು ಮುಟ್ಟಂಗಿಲ್ಲ." 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದಿನ ಬಂದೂಕು ರಿಪೇರಿ ಮಾಡಲು, ಪರೀಕ್ಷಿಸಲು ಅದಕ್ಕೆಂದೇ ಪರವಾನಗಿ ಬೇಕು. ಎಲ್ಲರೂ ಬಳಸುವ ಶೆಡ್ಡಿಗೆ ಅದಿಲ್ಲ.

ಹೊಲದಲ್ಲಿ ಕುದುರೆ (ಬಂದೂಕಿನ ಬಡಿಯುವ ಸುತ್ತಿಗೆ) ಬಿದ್ದೂ ಮದ್ದು ಹೊತ್ತದೆ ನಿಂತರೆ ಬಂದೂಕಿನ ಬಾಯಿಯನ್ನು ಜನ, ದನ ಇಲ್ಲದ ಕಡೆಗೇ ಹಿಡಿದು ಕಾಯಬೇಕು. ತೋಟಾ ಬಂದೂಕಾದರೆ ಕನಿಷ್ಠ ಅರ್ಧ ನಿಮಿಷ, ಮುಂದಿನಿಂದ ಮದ್ದು ತುಂಬುವ ಕೇಪಿನ ಬಂದೂಕಾದರೆ ಎರಡು ನಿಮಿಷವಾದರೂ. ತಡವಾಗಿ ಹೊತ್ತಿಕೊಳ್ಳುವುದುಂಟು. ಬಾಯಿಗೆ ಕಣ್ಣಿಟ್ಟು ನೋಡುವುದು, ಗಜ ಹಾಕಿ ಕುಟ್ಟುವುದು, ಬಿಸಿಲಿಗಿಟ್ಟು ಒಣಗಿಸುವುದು ಬೇಡ. ಮುಂದಿನಿಂದ ತುಂಬಿದ ಮದ್ದು ಒಳಗೇ ಉಳಿದಿದ್ದರೆ ಅದನ್ನು ಊರೂರು ಹೊತ್ತು ತರದೆ, ಯಾರೂ ಹೋಗದ ಕಡೆ ಸುರಕ್ಷಿತ ದಿಕ್ಕಿಗಿಟ್ಟು, ಠಾಣೆಗೂ ಪರವಾನಗಿ ಇರುವ ಬಂದೂಕಿನ ಅಂಗಡಿಗೂ ಫೋನ್ ಮಾಡಿ ಅವರು ಹೇಳಿದಂತೆ ನಡೆಯುವುದು ಸರಿ.

ಚುನಾವಣೆ ಸಮಯದಲ್ಲಿ ಠಾಣೆಗೆ ಒಪ್ಪಿಸಿದ ಬಂದೂಕು ತಿಂಗಳುಗಳ ಮೇಲೆ ಕೈಗೆ ಬಂದಾಗ ನಳಿಕೆಯೊಳಗೆ ತುಕ್ಕೋ, ಜೇಡರ ಗೂಡೋ ಇರಬಹುದು. ಒಪ್ಪಿಸುವ ಮೊದಲು ಒಳಗೆ ಹೊರಗೆ ಎಣ್ಣೆ ಸವರಿ ಕೊಡುವುದು, ವಾಪಸ್ ಬಂದ ಮೇಲೆ ಖಾಲಿಯೆಂದು ಖಚಿತ ಮಾಡಿಕೊಂಡು ಹಿಂಬಾಯಿಂದ ಬೆಳಕು ಬಿಟ್ಟು ನೋಡುವುದು ಪರವಾನಗಿದಾರರು ತಾವೇ ಮಾಡಿಕೊಳ್ಳಬೇಕಾದದ್ದು. ಒಳಗೆ ಗುಳಿ ಬಿದ್ದಿದ್ದರೆ, ಕೀಲು ಸಡಿಲವಾಗಿದ್ದರೆ, ನಳಿಕೆ ಉಬ್ಬಿದ್ದರೆ ಒಂದು ತೋಟಾ ಕೂಡ ಹಾಕದೆ ಪರವಾನಗಿ ಇರುವ ಅಂಗಡಿಗೆ ಒಯ್ಯಬೇಕು. ಪರವಾನಗಿದಾರರೇ ಒಯ್ಯುವುದು ಒಳ್ಳೆಯದು, ಅವರ ಲಿಖಿತ ಅನುಮತಿ ಇಲ್ಲದೆ ಮಗನ ಕೈಯಲ್ಲಿ, ಆಳಿನ ಕೈಯಲ್ಲಿ ಕಳಿಸುವಂತಿಲ್ಲ. ಮೂಲ ಪರವಾನಗಿ ಪುಸ್ತಕ ಜೊತೆಗಿರಲಿ. ಬಿಟ್ಟು ಬರುವಾಗ ಅಂಗಡಿಯ ರಿಜಿಸ್ಟರಿನಲ್ಲಿ ಬಂದೂಕಿನ ನಂಬರ್ ಸರಿಯಾಗಿ ನಮೂದಾಗಿದೆಯೇ ನೋಡಿ, ರಸೀದಿ ಪಡೆದು ಬನ್ನಿ.